ಅಂಬರ್ತ್ಸುಮಿಯಾನ್: ಪ್ರಭುತ್ವದ ನೆರಳಲ್ಲಿ ನಿಂತು ನಕ್ಷತ್ರ ಹುಡುಕಿದ ವಿಜ್ಞಾನಿ

ಸ್ಟಾಲಿನ್ ಕಾಲದಲ್ಲಿ ಗೆಳೆಯರು ಒಬ್ಬೊಬ್ಬರಾಗಿ ಮಾಯವಾಗುತ್ತಿದ್ದಾಗ ಬಹಿರಂಗ ಪ್ರತಿರೋಧಕ್ಕೆ ಇಳಿಯದ ಅರ್ಮೇನಿಯಾದ ಖಗೋಳ ವಿಜ್ಞಾನಿಯೊಬ್ಬರು, 82ನೇ ವಯಸ್ಸಿನ ಹೊಸ್ತಿಲಲ್ಲಿ ಅದೇ ಪ್ರಭುತ್ವದ ಎದುರು ಉಪವಾಸ ಕೂತರು. ನಡುವಿನ ಅರ್ಧ ಶತಮಾನದಲ್ಲಿ ಅವರು ಕಟ್ಟಿದ್ದೇನು? ಅದಕ್ಕೆ ತೆತ್ತ ಬೆಲೆ ಎಂಥದ್ದು?

1990ರ ಸೆಪ್ಟೆಂಬರ್ ತಿಂಗಳು. ಕ್ರೆಮ್ಲಿನ್‌ನಿಂದ ಕೂಗಳತೆ ದೂರದಲ್ಲಿರುವ ಮಾಸ್ಕ್ವಾ ಹೋಟೆಲಿನಲ್ಲಿ ಒಬ್ಬ ಹಿರಿಯರು ಊಟ ಬಿಟ್ಟು ಕೂತಿದ್ದರು. ಆ ತಿಂಗಳಿಗೆ ಅವರಿಗೆ 82 ತುಂಬುತ್ತಿತ್ತು. ಸಾಮಾನ್ಯ ಮನುಷ್ಯರೇನಲ್ಲ. ಸಮಾಜವಾದಿ ಶ್ರಮವೀರ ಎಂಬ ಸೋವಿಯತ್ ಒಕ್ಕೂಟದ ದೊಡ್ಡ ಗೌರವವನ್ನು ಎರಡು ಸಲ ಪಡೆದವರು. ಸ್ಟಾಲಿನ್ ಪ್ರಶಸ್ತಿಯೂ ಎರಡು ಸಲ ಬಂದಿತ್ತು. 1940ರಿಂದ ಕಮ್ಯುನಿಸ್ಟ್ ಪಕ್ಷದಲ್ಲಿದ್ದರು, ದಶಕಗಳ ಕಾಲ ಸುಪ್ರೀಂ ಸೋವಿಯತ್ತಿನ ಸದಸ್ಯರಾಗಿದ್ದರು.

ಅಂಥವರು ಯಾಕೆ ಉಪವಾಸ ಕೂತರು? ಕಾರಣ ನಗೋರ್ನೊ ಕರಾಬಾಖ್. ಅರ್ಮೇನಿಯನ್ನರೇ ಬಹುಸಂಖ್ಯಾತರಾಗಿದ್ದರೂ ಸೋವಿಯತ್ ಅಜರ್‌ಬೈಜಾನಿಗೆ ಸೇರಿಸಲಾಗಿದ್ದ ಗುಡ್ಡಗಾಡು ಅದು. ಅಲ್ಲಿ ಹೇರಿದ್ದ ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಅರ್ಮೇನಿಯಾದ ಕೆಲವರು ಅನ್ನ ಬಿಟ್ಟಿದ್ದರು. ಅವರ ಪೈಕಿ ಇವರೇ ಹಿರಿಯರು.

ಹೆಸರು ವಿಕ್ಟರ್ ಅಂಬರ್ತ್ಸುಮಿಯಾನ್. ಅರ್ಮೇನಿಯನ್ ಭಾಷೆಯಲ್ಲಿ ಹಂಬರ್‌ಜುಮ್ಯಾನ್. ನಮ್ಮ ಕಿವಿಗೆ ಆ ಹೆಸರಿನಲ್ಲಿ ಅಂಬರ ಕೇಳಿಸುತ್ತೆ. ಅದು ಬರೀ ಕಾಕತಾಳೀಯ. ಆದರೆ ಮೂಲ ಅರ್ಮೇನಿಯನ್ ಪದಕ್ಕೂ ಕ್ರಿಸ್ತನ ಸ್ವರ್ಗಾರೋಹಣ ಎಂಬ ಅರ್ಥವಿದೆ, ಅಂದರೆ ಮೇಲಕ್ಕೆ ಏರುವುದು. ಒಂದು ಪುಟ್ಟ ಗಣರಾಜ್ಯವನ್ನು ಖಗೋಳ ವಿಜ್ಞಾನದ ಭೂಪಟದ ಮೇಲೆ ತಂದವರು ಇವರು. ಭೂಮಿಯ ವಾತಾವರಣದ ಆಚೆ ಮನುಷ್ಯ ಮೊದಲ ಬಾರಿ ಕೈಯಾರೆ ನಡೆಸಿದ ದೂರದರ್ಶಕ ತಯಾರಾಗಿದ್ದು ಇವರ ಶಿಷ್ಯನ ನೇತೃತ್ವದಲ್ಲಿ.

ವಿಜ್ಞಾನಿಗಳು ಸರ್ಕಾರದ ದುಡ್ಡು ತಗೊಂಡು ಸರ್ಕಾರದ ತಪ್ಪಿನ ಬಗ್ಗೆ ಸುಮ್ಮನಿರಬಹುದಾ ಅನ್ನೋ ಪ್ರಶ್ನೆ ಇವತ್ತಿಗೂ ನಮ್ಮ ಕ್ಯಾಂಪಸ್ಸುಗಳಲ್ಲಿ ಏಳುತ್ತಲೇ ಇರುತ್ತೆ. ಅಂಬರ್ತ್ಸುಮಿಯಾನ್ ಬದುಕು ಅದಕ್ಕೆ ಸುಲಭದ ಉತ್ತರ ಕೊಡುವುದಿಲ್ಲ. ಆದರೆ ಆ ಪ್ರಶ್ನೆಯನ್ನು ಇನ್ನಷ್ಟು ಗಂಭೀರವಾಗಿ ಕೇಳಿಕೊಳ್ಳುವಂತೆ ಮಾಡುತ್ತೆ.

ತಿಫ್ಲಿಸ್‌ನ ಹುಡುಗ

ಅವರು ಹುಟ್ಟಿದ್ದು 1908ರ ಸೆಪ್ಟೆಂಬರ್ 18ರಂದು, ತಿಫ್ಲಿಸ್ ನಗರದಲ್ಲಿ. ಈಗ ಅದು ಜಾರ್ಜಿಯಾದ ರಾಜಧಾನಿ ತಿಬಿಲಿಸಿ. ಆಗ ರಷ್ಯನ್ ಸಾಮ್ರಾಜ್ಯದ ದಕ್ಷಿಣ ಅಂಚಿನ ಊರು. ಸಾಮ್ರಾಜ್ಯದೊಳಗಿನ ಅರ್ಮೇನಿಯನ್ನರ ಓದು, ಬರಹ, ವ್ಯಾಪಾರ, ರಾಜಕೀಯಕ್ಕೆಲ್ಲ ಅದು ಕೇಂದ್ರವಾಗಿತ್ತು. ಅಪ್ಪ ಹಮಾಜಾಸ್ಪ್ ಕಾನೂನು ಓದಿದವರು, ಭಾಷಾ ವಿದ್ವಾಂಸರು. ಹೋಮರನ ಇಲಿಯಡ್ ಮಹಾಕಾವ್ಯವನ್ನು ಅರ್ಮೇನಿಯನ್ ಭಾಷೆಗೆ ತಂದವರು. ಅಮ್ಮ ಹ್ರಿಪ್ಸಿಮೆ ಪಾದ್ರಿಯೊಬ್ಬರ ಮಗಳು.

ಹುಡುಗನಿಗೆ ಏಳು ವರ್ಷ ತುಂಬುವ ಹೊತ್ತಿಗೆ ಗಡಿಯಾಚೆ, ಒಟ್ಟೋಮನ್ ತುರ್ಕಿಯಲ್ಲಿ, ಅರ್ಮೇನಿಯನ್ನರ ನರಮೇಧ ಶುರುವಾಗಿತ್ತು. ಬದುಕಿ ಉಳಿದವರು ಸಿಕ್ಕಸಿಕ್ಕ ಕಡೆಗೆ ಓಡಿದರು. ಆಮೇಲೆ ಸಾಮ್ರಾಜ್ಯ ಬಿತ್ತು, ಕ್ರಾಂತಿ ಬಂತು, ಚಿಕ್ಕ ಸ್ವತಂತ್ರ ಗಣರಾಜ್ಯಗಳು ಹುಟ್ಟಿ ಎರಡು ಮೂರು ವರ್ಷದಲ್ಲೇ ಸೋವಿಯತ್ ಆಳ್ವಿಕೆಗೆ ಸೇರಿಹೋದವು. ತಮ್ಮ ಜನ ಉಳಿಯುತ್ತಾರೋ ಇಲ್ಲವೋ ಎಂಬ ಅನುಮಾನದ ನಡುವೆ ಬೆಳೆದ ತಲೆಮಾರು ಅದು. ಮುಂದೆ ಅಂಬರ್ತ್ಸುಮಿಯಾನ್ ಮಾಡಿದ ಆಯ್ಕೆಗಳನ್ನು ನೋಡುವಾಗ ಈ ಹಿನ್ನೆಲೆ ಮರೆಯಬಾರದು.

ಲೆಕ್ಕದಲ್ಲಿ ಹುಡುಗ ಚುರುಕು. ಹನ್ನೊಂದರ ಹೊತ್ತಿಗೆ ಖಗೋಳದ ಪುಸ್ತಕವೊಂದು ಕೈಗೆ ಸಿಕ್ಕಿ ಹುಚ್ಚು ಹಿಡಿಯಿತು. ಹದಿಹರೆಯದಲ್ಲೇ ಊರಿನ ಸಭೆಗಳಲ್ಲಿ ನಿಂತು ಸೌರಮಂಡಲದ ಬಗ್ಗೆ ಭಾಷಣ ಮಾಡುತ್ತಿದ್ದರು. 1924ರಲ್ಲಿ ಲೆನಿನ್‌ಗ್ರಾಡ್‌ಗೆ ಹೋದರು. ಒಂದು ವರ್ಷ ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ ಓದಿ, 1925ರಲ್ಲಿ ವಿಶ್ವವಿದ್ಯಾಲಯ ಸೇರಿದರು.

ಲೆನಿನ್‌ಗ್ರಾಡ್‌ನ ಗೆಳೆಯರ ಗುಂಪು

ಆ ದಿನಗಳ ಲೆನಿನ್‌ಗ್ರಾಡ್ ಭೌತವಿಜ್ಞಾನದ ಹುಡುಗರಿಗೆ ಹಬ್ಬವಿದ್ದಂತೆ. ಕ್ವಾಂಟಮ್ ಸಿದ್ಧಾಂತ ಆಗಷ್ಟೇ ಹುಟ್ಟುತ್ತಿತ್ತು. ಜಾರ್ಜ್ ಗಾಮೊವ್, ಲೆವ್ ಲಾಂಡೌ, ಡಿಮಿಟ್ರಿ ಇವಾನೆಂಕೊ, ಮಟ್ವೇ ಬ್ರಾನ್‌ಸ್ಟೈನ್, ನಿಕೊಲಾಯ್ ಕೊಜಿರೆವ್ ಎಲ್ಲರೂ ಅಲ್ಲಿದ್ದರು. ಎಲ್ಲರೂ ಇಪ್ಪತ್ತರ ಆಸುಪಾಸಿನವರು. ಮೇಷ್ಟ್ರುಗಳನ್ನು ಗೇಲಿ ಮಾಡುತ್ತ, ವಾದ ಮಾಡುತ್ತ, ವಿದೇಶಿ ಪತ್ರಿಕೆಗಳಿಗೆ ಲೇಖನ ಕಳಿಸುತ್ತ ಇದ್ದ ಗುಂಪು.

ಅಂಬರ್ತ್ಸುಮಿಯಾನ್ 1928ರಲ್ಲಿ ಪದವಿ ಮುಗಿಸಿ ಪುಲ್ಕೊವೊ ವೀಕ್ಷಣಾಲಯದಲ್ಲಿ ಹಿರಿಯ ವಿಜ್ಞಾನಿ ಬೆಲೊಪೊಲ್ಸ್ಕಿ ಅವರ ಕೈಕೆಳಗೆ ಸಂಶೋಧನೆಗೆ ಸೇರಿದರು. ಮುಂದಿನ ಎಂಟು ವರ್ಷದ ಕೆಲಸ ನೋಡಿದರೆ ಬೆರಗಾಗುತ್ತೆ. 1929ರಲ್ಲಿ ಒಂದು ಗಣಿತದ ಲೇಖನ ಬರೆದರು. ತಂತಿಯೊಂದು ಹೊರಡಿಸುವ ಸ್ವರಗಳು ಗೊತ್ತಿದ್ದರೆ, ಅದರಿಂದ ಆ ತಂತಿ ಎಂಥದ್ದೆಂದು ಹಿಂದಕ್ಕೆ ಲೆಕ್ಕ ಹಾಕಬಹುದಾ ಅನ್ನೋ ಪ್ರಶ್ನೆ ಅದು. ಅದನ್ನು ಭೌತವಿಜ್ಞಾನದ ಪತ್ರಿಕೆಯಲ್ಲಿ ಹಾಕಿಸಿದ್ದರಿಂದ ಹಲವು ವರ್ಷ ಯಾರೂ ಗಮನಿಸಲೇ ಇಲ್ಲ. ಖಗೋಳ ವಿಜ್ಞಾನಿಯೊಬ್ಬ ಭೌತವಿಜ್ಞಾನದ ಪತ್ರಿಕೆಯಲ್ಲಿ ಗಣಿತ ಬರೆದರೆ ಆಗುವ ಗತಿಯೇ ಅದು ಎಂದು ಅವರೇ ಆಮೇಲೆ ತಮಾಷೆ ಮಾಡುತ್ತಿದ್ದರು. ಈಗ ಅದು ಗಣಿತದ ಒಂದು ದೊಡ್ಡ ಶಾಖೆಯ ಮೊದಲ ಹೆಜ್ಜೆ.

1930ರಲ್ಲಿ ಇವಾನೆಂಕೊ ಜೊತೆ ಸೇರಿ ಪರಮಾಣುವಿನ ಬೀಜದೊಳಗೆ ಎಲೆಕ್ಟ್ರಾನ್ ಇರಲು ಸಾಧ್ಯವಿಲ್ಲ ಎಂದು ವಾದಿಸಿದರು. ಎರಡು ವರ್ಷದ ನಂತರ ಚಾಡ್ವಿಕ್ ನ್ಯೂಟ್ರಾನ್ ಕಂಡುಹಿಡಿದರು. 1933ರಲ್ಲಿ ಕೊಜಿರೆವ್ ಜೊತೆ, ಸ್ಫೋಟಿಸುವ ನೋವಾ ನಕ್ಷತ್ರಗಳು ಹೊರಗೆ ಚೆಲ್ಲುವ ಅನಿಲ ಎಷ್ಟು ಎಂದು ಲೆಕ್ಕ ಹಾಕಿದರು. 1934ರಲ್ಲಿ ಲೆನಿನ್‌ಗ್ರಾಡ್ ವಿಶ್ವವಿದ್ಯಾಲಯದಲ್ಲಿ ಸೋವಿಯತ್ ಒಕ್ಕೂಟದ ಮೊದಲ ಖಭೌತ ವಿಜ್ಞಾನ ವಿಭಾಗ ಶುರುಮಾಡಿದರು. ಆಗ ಅವರಿಗೆ 26.

1936ರಲ್ಲಿ ಇನ್ನೊಂದು ಸಮಸ್ಯೆ ಬಿಡಿಸಿದರು. ನಕ್ಷತ್ರ ನಮ್ಮ ಕಡೆಗೆ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಎಂಬ ಒಂದೇ ದಿಕ್ಕಿನ ವೇಗ ಸುಲಭಕ್ಕೆ ಸಿಗುತ್ತೆ. ಆಕಾಶದ ಎಲ್ಲ ದಿಕ್ಕಿನಿಂದ ಅಂಥ ಮಾಹಿತಿ ಕೂಡಿಸಿ ನಕ್ಷತ್ರಗಳ ಪೂರ್ತಿ ಚಲನೆಯ ಚಿತ್ರ ಕಟ್ಟುವುದು ಹೇಗೆ? ಆ ಲೇಖನವನ್ನು ಇಂಗ್ಲೆಂಡಿನಲ್ಲಿ ಎಡಿಂಗ್ಟನ್ ಮಂಡಿಸಿದರು. ಎಷ್ಟೋ ವರ್ಷದ ಮೇಲೆ ಆಸ್ಪತ್ರೆಗಳಿಗೆ ಬಂದ ಸಿಟಿ ಸ್ಕ್ಯಾನ್‌ನ ಹಿಂದೆ ಇರುವುದೂ ಇದೇ ಬಗೆಯ ಗಣಿತ. ಮುಟ್ಟಲಾಗದ ವಸ್ತುವಿನ ಸತ್ಯವನ್ನು ಅದು ಕಳಿಸಿದ ಅರೆಬರೆ ಸುಳಿವಿನಿಂದ ತಿಳಿಯುವುದು ಅವರ ಜೀವನವಿಡೀ ನಡೆದ ಕಸುಬು.

ಗುಂಪು ಚದುರಿದ ವರ್ಷಗಳು

ಆಮೇಲೆ ಆ ಗೆಳೆಯರ ಗುಂಪಿಗೆ ಏನಾಯಿತು ನೋಡಿ. ಗಾಮೊವ್ 1933ರಲ್ಲಿ ದೇಶ ಬಿಟ್ಟು ಹೋದರು, ಮರಳಲಿಲ್ಲ. ಇವಾನೆಂಕೊ 1935ರಲ್ಲಿ ಬಂಧನಕ್ಕೊಳಗಾದರು. ಕೊಜಿರೆವ್ ಅವರನ್ನು 1936ರ ನವೆಂಬರ್‌ನಲ್ಲಿ ಹಿಡಿದೊಯ್ದರು. ಹತ್ತು ವರ್ಷ ಜೈಲು, ಶ್ರಮಶಿಬಿರ. ಲಾಂಡೌ 1938ರಲ್ಲಿ ಸೆರೆಯಾಗಿ ಒಂದು ವರ್ಷ ಒಳಗಿದ್ದರು. ಬ್ರಾನ್‌ಸ್ಟೈನ್ ಅವರನ್ನು 1938ರ ಫೆಬ್ರವರಿಯಲ್ಲಿ ಗುಂಡಿಟ್ಟು ಕೊಂದರು. ಅವರಿಗೆ ಆಗ 31 ವರ್ಷ.

ಪುಲ್ಕೊವೊ ವೀಕ್ಷಣಾಲಯದ ಕತೆಯೂ ಅಷ್ಟೇ. ನಿರ್ದೇಶಕ ಬೊರಿಸ್ ಗೆರಾಸಿಮೊವಿಚ್ ಅವರನ್ನು 1937ರ ನವೆಂಬರ್ 30ರಂದು ಗುಂಡಿಟ್ಟರು. ಅಲ್ಲಿನ ಹಿರಿಯ ವಿಜ್ಞಾನಿಗಳಲ್ಲಿ ಅನೇಕರು ಮನೆಗೆ ಮರಳಲೇ ಇಲ್ಲ. ಸುಳ್ಳು ಆರೋಪ, ಚಿತ್ರಹಿಂಸೆ ಕೊಟ್ಟು ಪಡೆದ ತಪ್ಪೊಪ್ಪಿಗೆ, ಕೆಲ ನಿಮಿಷಗಳ ವಿಚಾರಣೆ, ಶಿಕ್ಷೆ. ಇದು ಆ ಕಾಲದ ಪದ್ಧತಿ.

ಅಂಬರ್ತ್ಸುಮಿಯಾನ್ 1931ರಲ್ಲೇ ಪುಲ್ಕೊವೊದಿಂದ ವಿಶ್ವವಿದ್ಯಾಲಯಕ್ಕೆ ಹೋಗಿದ್ದರು. ಅವರ ಬಂಧನವಾಗಲಿಲ್ಲ. 1939ರಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. 1940ರಲ್ಲಿ ಪಕ್ಷ ಸೇರಿದರು.

ಈ ಎರಡು ಪ್ಯಾರಾಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತೆ, ನಿಜ. ಹಾಗಂತ ತೀರ್ಪು ಕೊಡಲು ಅವಸರ ಬೇಡ. ಬಾಯಿ ಬಿಟ್ಟವರ ಹೆಂಡತಿ ಮಕ್ಕಳನ್ನೂ ಬಿಡದ ಕಾಲ ಅದು. ಒಬ್ಬರ ಪರ ಇನ್ನೊಬ್ಬರು ದನಿ ಎತ್ತಿದರೆ ಆ ಇನ್ನೊಬ್ಬರೂ ಪಟ್ಟಿಗೆ ಸೇರುತ್ತಿದ್ದರು. ಆದರೆ ಇದನ್ನೂ ಹೇಳಲೇಬೇಕು: ಅವರು ಹೆದರಿ ಮೂಲೆ ಹಿಡಿದವರಲ್ಲ, ಆ ವ್ಯವಸ್ಥೆಯೊಳಗೆ ಮೆಟ್ಟಿಲು ಹತ್ತಿದವರು. ತಾವು ಭೌತವಾದಿ ಎಂದು ಕೊನೆಯವರೆಗೂ ಹೇಳಿಕೊಂಡರು. ವಿಜ್ಞಾನದ ತತ್ವದ ಬಗ್ಗೆ ಪಕ್ಷದ ಪರಿಭಾಷೆಯಲ್ಲೇ ಬರೆದರು. ಅದು ಬರೀ ತೋರಿಕೆ ಎನ್ನಲು ಆಧಾರವಿಲ್ಲ.

ಯೆಲಾಬುಗಾದ ಯುದ್ಧಕಾಲ

1941ರಲ್ಲಿ ನಾಜಿ ಸೇನೆ ಲೆನಿನ್‌ಗ್ರಾಡ್ ಕಡೆಗೆ ನುಗ್ಗಿತು. ವಿಶ್ವವಿದ್ಯಾಲಯದ ಪ್ರಯೋಗಾಲಯಗಳನ್ನು ತಾತಾರಸ್ತಾನದ ಯೆಲಾಬುಗಾ ಎಂಬ ಸಣ್ಣ ಊರಿಗೆ ಸಾಗಿಸಲಾಯಿತು. ಅದರ ಹೊಣೆ ಅಂಬರ್ತ್ಸುಮಿಯಾನ್ ಹೆಗಲಿಗೆ ಬಿತ್ತು. 

ಅಲ್ಲಿ ಅವರು ಕೈಗೆತ್ತಿಕೊಂಡಿದ್ದು ಮಂಜು, ಮೋಡ, ಕಲಕಿದ ನೀರಿನಂಥ ಮಾಧ್ಯಮದಲ್ಲಿ ಬೆಳಕು ಹೇಗೆ ಚೆದುರುತ್ತೆ ಎಂಬ ಪ್ರಶ್ನೆ. ಒಂದೊಂದು ಕಿರಣದ ದಾರಿಯನ್ನೂ ಹಿಂಬಾಲಿಸುತ್ತ ಹೋದರೆ ಲೆಕ್ಕ ಮುಗಿಯುವುದೇ ಇಲ್ಲ. ಅವರು ಬೇರೆಯದೇ ದಾರಿ ಹಿಡಿದರು. ದಟ್ಟ ಮಂಜಿನ ಗೋಡೆಯೊಂದನ್ನು ಊಹಿಸಿಕೊಳ್ಳಿ. ಅದಕ್ಕೆ ಕೊನೆಯೇ ಇಲ್ಲ ಅಂದುಕೊಳ್ಳಿ. ಅದರ ಮೇಲೆ ಇನ್ನೊಂದು ತೆಳು ಪದರ ಮಂಜು ಸೇರಿಸಿದರೆ ತಿರುಗಿ ಬರುವ ಬೆಳಕು ಬದಲಾಗುತ್ತಾ? ಇಲ್ಲ. ಅಷ್ಟೇ ವಿಷಯ. ಬದಲಾಗದ ಈ ಒಂದು ಸಂಗತಿಯಿಂದಲೇ ಸಮೀಕರಣ ಹೊರಡಿಸಿ, ಕಗ್ಗಂಟನ್ನು ಬಿಡಿಸಿದರು. ಇದಕ್ಕೆ ಇನ್‌ವೇರಿಯನ್ಸ್ ತತ್ವ ಎಂದು ಹೆಸರು. ಅಮೆರಿಕದಲ್ಲಿದ್ದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಇದನ್ನು ಕೈಗೆತ್ತಿಕೊಂಡು ಬಹಳ ದೂರ ಬೆಳೆಸಿದರು. ವಿಕಿರಣದ ಸಾಗಣೆ ಬಗ್ಗೆ 1950ರಲ್ಲಿ ಬಂದ ಅವರ ಪ್ರಸಿದ್ಧ ಗ್ರಂಥದಲ್ಲಿ ಈ ತತ್ವಕ್ಕೆ ದೊಡ್ಡ ಜಾಗವಿದೆ. ಅಂಬರ್ತ್ಸುಮಿಯಾನ್‌ಗೆ 1946ರಲ್ಲಿ ಸ್ಟಾಲಿನ್ ಪ್ರಶಸ್ತಿ ತಂದುಕೊಟ್ಟಿದ್ದೂ ಇದೇ ಕೆಲಸ. ಅವರ ಗೆಳೆಯ ಕೊಜಿರೆವ್ ಬಿಡುಗಡೆಯಾಗಿದ್ದೂ ಅದೇ ವರ್ಷದ ಕೊನೆಯಲ್ಲಿ.

ಅರಾಗತ್ಸ್ ಬೆಟ್ಟದ ಮಗ್ಗುಲಲ್ಲಿ

ಯುದ್ಧ ಮುಗಿಯುವ ಹೊತ್ತಿಗೆ ಅವರ ಮುಂದೆ ಎರಡು ದಾರಿ ಇದ್ದವು. ಲೆನಿನ್‌ಗ್ರಾಡ್‌ನಲ್ಲೋ ಮಾಸ್ಕೋದಲ್ಲೋ ದೊಡ್ಡ ಪ್ರೊಫೆಸರ್ ಆಗಿ ಇರಬಹುದಿತ್ತು. ಅವರು ಅರ್ಮೇನಿಯಾ ಆರಿಸಿಕೊಂಡರು. 1943ರಲ್ಲಿ ಅರ್ಮೇನಿಯಾದ ವಿಜ್ಞಾನ ಅಕಾಡೆಮಿ ಹುಟ್ಟಿತ್ತು. 1947ರಲ್ಲಿ ಅವರು ಅದರ ಅಧ್ಯಕ್ಷರಾದರು. ಆ ಕುರ್ಚಿಯಲ್ಲಿ ಇದ್ದದ್ದು 1993ರವರೆಗೆ, ಬರೋಬ್ಬರಿ 46 ವರ್ಷ.

1946ರಲ್ಲಿ ಅರಾಗತ್ಸ್ ಬೆಟ್ಟದ ದಕ್ಷಿಣ ಇಳಿಜಾರಿನ ಬ್ಯುರಾಕಾನ್ ಹಳ್ಳಿಯಲ್ಲಿ ವೀಕ್ಷಣಾಲಯಕ್ಕೆ ಅಡಿಪಾಯ ಬಿತ್ತು. ಸಮುದ್ರ ಮಟ್ಟದಿಂದ ಸುಮಾರು 1,400 ಮೀಟರ್ ಎತ್ತರ. ರಾಜಧಾನಿ ಯೆರೆವಾನ್ ಹತ್ತಿರದಲ್ಲೇ ಇದೆ. ವಾಸ್ತುಶಿಲ್ಪಿ ಸಾಮ್ವೆಲ್ ಸಫಾರ್ಯಾನ್. ಶುರುವಿನಲ್ಲಿ ಇದ್ದದ್ದು ಸಣ್ಣಪುಟ್ಟ ಉಪಕರಣಗಳು ಅಷ್ಟೇ. ಅಧಿಕೃತ ಉದ್ಘಾಟನೆ ಆಗಿದ್ದು 1956ರಲ್ಲಿ.

ಆದರೆ ದೊಡ್ಡ ದೂರದರ್ಶಕ ಬರಲಿ ಎಂದು ಅವರು ಕಾಯುತ್ತ ಕೂರಲಿಲ್ಲ. 1947ರಲ್ಲೇ ಜಗತ್ತು ತಿರುಗಿ ನೋಡುವಂಥ ಮಾತು ಹೇಳಿದರು. ಆಕಾಶದಲ್ಲಿ ಅತಿ ಬಿಸಿಯಾದ, ಅತಿ ಪ್ರಕಾಶದ ನೀಲಿ ನಕ್ಷತ್ರಗಳು ಅಲ್ಲಲ್ಲಿ ಸಡಿಲ ಗುಂಪುಗಳಾಗಿ ಕಾಣುತ್ತವೆ. ಈ ಗುಂಪುಗಳು ಎಷ್ಟು ಸಡಿಲ ಅಂದರೆ, ಪರಸ್ಪರ ಗುರುತ್ವದಿಂದ ಬಹಳ ಕಾಲ ಒಟ್ಟಿಗೆ ಇರಲು ಸಾಧ್ಯವೇ ಇಲ್ಲ. ಬೇಗ ಚದುರಿಹೋಗಬೇಕು. ಇನ್ನೂ ಚದುರಿಲ್ಲ ಅಂದರೆ ಅವು ಇತ್ತೀಚೆಗೆ ಹುಟ್ಟಿರಬೇಕು. ಇತ್ತೀಚೆಗೆ ಅಂದರೆ ಕೆಲವು ದಶಲಕ್ಷ ವರ್ಷ. ನಮ್ಮ ಗ್ಯಾಲಕ್ಸಿಯ ವಯಸ್ಸಿನ ಮುಂದೆ ಅದು ನಿನ್ನೆ ಮೊನ್ನೆ.

ನಕ್ಷತ್ರಗಳೆಲ್ಲ ಎಂದೋ ಒಂದು ಕಾಲದಲ್ಲಿ ಒಟ್ಟಿಗೆ ಹುಟ್ಟಿ ಮುಗಿದಿವೆ ಎಂದು ಅನೇಕರು ನಂಬಿದ್ದ ಕಾಲ ಅದು. ಹಾಗಲ್ಲ, ನಕ್ಷತ್ರಗಳು ಈಗಲೂ ಹುಟ್ಟುತ್ತಿವೆ, ಒಂಟಿಯಾಗಿ ಅಲ್ಲ, ಗುಂಪುಗುಂಪಾಗಿ ಎಂದು ಅವರು ತೋರಿಸಿದರು. ಇವುಗಳಿಗೆ ನಕ್ಷತ್ರ ಸಂಘಗಳು ಎಂದು ಹೆಸರಾಯಿತು. 1950ರಲ್ಲಿ ಈ ಕೆಲಸಕ್ಕೆ ಇನ್ನೊಂದು ಸ್ಟಾಲಿನ್ ಪ್ರಶಸ್ತಿ ಬಂತು, ಸಹೋದ್ಯೋಗಿ ಬೆಂಜಮಿನ್ ಮರ್ಕಾರ್ಯಾನ್ ಜೊತೆಗೆ.

ಗಾಳಿಯ ಆಚೆಗೆ ಕಣ್ಣು

ಇಲ್ಲೇ ಅರ್ಮೇನಿಯಾದ ಬಾಹ್ಯಾಕಾಶ ಖಗೋಳ ವಿಜ್ಞಾನದ ಬೇರು ಇದೆ. ಎಳೆಯ ನಕ್ಷತ್ರಗಳು ಅತಿ ಬಿಸಿ. ಅತಿ ಬಿಸಿಯಾದ ವಸ್ತು ತನ್ನ ಬೆಳಕಿನ ಬಹುಪಾಲನ್ನು ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಕಿರಣವಾಗಿ ಹೊರಡಿಸುತ್ತೆ. ಆದರೆ ಭೂಮಿಯ ಓಜೋನ್ ಪದರ ಆ ಕಿರಣಗಳನ್ನು ತಡೆಯುತ್ತೆ. ನಮ್ಮ ಚರ್ಮಕ್ಕೆ ಅದು ರಕ್ಷಣೆ, ಖಗೋಳ ವಿಜ್ಞಾನಿಗೆ ಅದು ಮುಚ್ಚಿದ ಬಾಗಿಲು. ಎಷ್ಟು ಎತ್ತರದ ಬೆಟ್ಟ ಹತ್ತಿದರೂ ಆ ಬಾಗಿಲು ತೆರೆಯುವುದಿಲ್ಲ. ವಾತಾವರಣದಿಂದಲೇ ಹೊರಗೆ ಹೋಗಬೇಕು.

ಹೋಗುವ ದಾರಿ ಹುಡುಕಿದವರು ಅವರ ಶಿಷ್ಯ ಗ್ರಿಗೊರ್ ಗುರ್ಜಾದ್ಯಾನ್. ನರಮೇಧದಿಂದ ತಪ್ಪಿಸಿಕೊಂಡು ಓಡಿದ ದಂಪತಿಗೆ 1922ರಲ್ಲಿ ಬಾಗ್ದಾದಿನಲ್ಲಿ ಹುಟ್ಟಿದ ಮಗ. ಮಗು ಇನ್ನೂ ಚಿಕ್ಕದಿದ್ದಾಗಲೇ ಕುಟುಂಬ ಸೋವಿಯತ್ ಅರ್ಮೇನಿಯಾಗೆ ಬಂತು. ಓದಿದ್ದು ಯೆರೆವಾನ್‌ನಲ್ಲಿ ಎಂಜಿನಿಯರಿಂಗ್. ಆಮೇಲೆ ಅಂಬರ್ತ್ಸುಮಿಯಾನ್ ಅವರ ಮೊದಮೊದಲ ಸಂಶೋಧನಾ ವಿದ್ಯಾರ್ಥಿಗಳಲ್ಲಿ ಒಬ್ಬರಾದರು. ನೀಹಾರಿಕೆಗಳ ಸಿದ್ಧಾಂತವೂ ಗೊತ್ತು, ಸ್ಕ್ರೂ ತಿರುಗಿಸುವುದೂ ಗೊತ್ತು ಎಂಬಂಥ ಮನುಷ್ಯ.

1960ರ ದಶಕದ ಶುರುವಿನಲ್ಲಿ ಗುರ್ಜಾದ್ಯಾನ್ ತಂಡ ಸೇನೆಯ ಕ್ಷಿಪಣಿಗಳ ತಲೆಗೆ ಉಪಕರಣ ಕಟ್ಟಿ ಕಪುಸ್ತಿನ್ ಯಾರ್ ಉಡಾವಣಾ ನೆಲೆಯಿಂದ ಮೇಲಕ್ಕೆ ಹಾರಿಸಿತು. ಸೂರ್ಯನ ನೇರಳಾತೀತ ಮತ್ತು ಎಕ್ಸ್‌ರೇ ಬೆಳಕನ್ನು ಅಳೆಯುವುದು ಗುರಿ. ಕ್ಷಿಪಣಿ ಮೇಲಿರುವುದು ಕೆಲವೇ ನಿಮಿಷ. ಅಷ್ಟರಲ್ಲಿ ಉಪಕರಣ ಗುರಿ ಹಿಡಿಯಬೇಕು, ಚಿತ್ರ ತೆಗೆಯಬೇಕು, ಕೆಳಗೆ ಬಿದ್ದಾಗ ಫಿಲ್ಮು ಉಳಿದಿರಬೇಕು. ಅಣ್ವಸ್ತ್ರ ಹೊರಲು ಹುಟ್ಟಿದ ರಾಕೆಟ್ಟು ದೂರದರ್ಶಕ ಹೊತ್ತುಕೊಂಡು ಹೋದದ್ದು ಶೀತಲ ಸಮರದ ವ್ಯಂಗ್ಯಗಳಲ್ಲಿ ಒಂದು. ಪ್ರಭುತ್ವದ ಜೊತೆ ಗೆಳೆತನ ಇಲ್ಲದೆ ಆ ರಾಕೆಟ್ಟಿನ ಹತ್ತಿರ ಯಾವ ಖಗೋಳ ವಿಜ್ಞಾನಿಯೂ ಸುಳಿಯುವಂತಿರಲಿಲ್ಲ ಎಂಬುದೂ ಅಷ್ಟೇ ನಿಜ.

1971ರ ಏಪ್ರಿಲ್ 19ರಂದು ಜಗತ್ತಿನ ಮೊದಲ ಬಾಹ್ಯಾಕಾಶ ನಿಲ್ದಾಣ ಸಲ್ಯೂತ್ 1 ಕಕ್ಷೆಗೆ ಏರಿತು. ಅದರಲ್ಲಿ ಗುರ್ಜಾದ್ಯಾನ್ ತಂಡದ ಓರಿಯನ್ 1 ಇತ್ತು. ಅದರ ಕನ್ನಡಿಯ ಅಗಲ 28 ಸೆಂಟಿಮೀಟರ್. ಜೂನ್‌ನಲ್ಲಿ ಸೊಯೂಜ್ 11ರಲ್ಲಿ ಮೂವರು ಗಗನಯಾತ್ರಿಗಳು ಬಂದರು: ಗಿಯೋರ್ಗಿ ದೊಬ್ರೊವೊಲ್ಸ್ಕಿ, ವ್ಲಾದಿಸ್ಲಾವ್ ವೋಲ್ಕೊವ್, ವಿಕ್ಟರ್ ಪತ್ಸಾಯೆವ್. ದೂರದರ್ಶಕದ ಕೆಲಸ ಪತ್ಸಾಯೆವ್ ಪಾಲಿಗೆ. ವಾತಾವರಣದ ಆಚೆ ದೂರದರ್ಶಕ ನಡೆಸಿದ ಮೊದಲ ಮನುಷ್ಯ ಅವರೇ. ನಾವು ಅಭಿಜಿತ್ ಎಂದು ಕರೆಯುವ ವೇಗಾ ನಕ್ಷತ್ರದ ಮತ್ತು ಬೀಟಾ ಸೆಂಟಾರಿಯ ನೇರಳಾತೀತ ರೋಹಿತಗಳು ಫಿಲ್ಮಿನ ಮೇಲೆ ಮೂಡಿದವು. ಪತ್ಸಾಯೆವ್ ತಮ್ಮ 38ನೇ ಹುಟ್ಟುಹಬ್ಬವನ್ನು ಅಲ್ಲೇ, ಕಕ್ಷೆಯಲ್ಲೇ ಆಚರಿಸಿಕೊಂಡರು.

ಜೂನ್ 30ರಂದು ಅವರು ಮರಳಿದರು. ನೌಕೆ ಸರಿಯಾಗಿಯೇ ನೆಲ ಮುಟ್ಟಿತು. ಬಾಗಿಲು ತೆರೆದಾಗ ಮೂವರೂ ಸತ್ತಿದ್ದರು. ಇಳಿಯುವ ಮುನ್ನ ಒಂದು ಕವಾಟ ತೆರೆದುಕೊಂಡು ಒಳಗಿನ ಗಾಳಿಯೆಲ್ಲ ಹೊರಗೆ ಹೋಗಿತ್ತು. ಇಕ್ಕಟ್ಟಾದ ನೌಕೆಯಲ್ಲಿ ಅವರಿಗೆ ರಕ್ಷಣಾ ಉಡುಪು ಇರಲಿಲ್ಲ. ಫಿಲ್ಮು ಮಾತ್ರ ಉಳಿದಿತ್ತು. ಅರ್ಮೇನಿಯಾದ ವಿಜ್ಞಾನಿಗಳು ಆ ರೋಹಿತಗಳನ್ನು ಓದಿ ಪ್ರಕಟಿಸಿದರು. ವಿಜ್ಞಾನದ ಚರಿತ್ರೆಯಲ್ಲಿ ಇಷ್ಟು ದುಬಾರಿ ಫಿಲ್ಮುಗಳು ಹೆಚ್ಚಿಲ್ಲ.

ಎರಡೂವರೆ ವರ್ಷದ ನಂತರ, 1973ರ ಡಿಸೆಂಬರ್ 18ರಂದು, ಓರಿಯನ್ 2 ಹೊತ್ತು ಸೊಯೂಜ್ 13 ಹಾರಿತು. ಒಳಗಿದ್ದವರು ಪ್ಯೋತ್ರ್ ಕ್ಲಿಮುಕ್ ಮತ್ತು ವಲೆಂತಿನ್ ಲೆಬೆದೆವ್. ಎಂಟು ದಿನದಲ್ಲಿ ಸಾವಿರಾರು ನಕ್ಷತ್ರಗಳ ರೋಹಿತ ಸಿಕ್ಕಿತು. ಬರಿಗಣ್ಣಿಗೆ ಕಾಣುವ ಅತಿ ಮಂದ ನಕ್ಷತ್ರಕ್ಕಿಂತಲೂ 600 ಪಟ್ಟು ಮಂದವಾದವುಗಳೂ ಅದರಲ್ಲಿದ್ದವು. ಬ್ರಹ್ಮಹೃದಯ ನಕ್ಷತ್ರವಿರುವ ರಾಶಿಯಲ್ಲಿನ ಐಸಿ 2149 ಎಂಬ ಗ್ರಹೀಯ ನೀಹಾರಿಕೆಯ ನೇರಳಾತೀತ ರೋಹಿತ ಮೊದಲ ಸಲ ದೊರಕಿತು. ಅದರಲ್ಲಿ ಅಲ್ಯೂಮಿನಿಯಂ, ಟೈಟಾನಿಯಂ ಗುರುತುಗಳು ಕಂಡವು. ಅದೇ ದಿನಗಳಲ್ಲಿ ಅಮೆರಿಕದ ಸ್ಕೈಲ್ಯಾಬ್‌ನಲ್ಲೂ ಮೂವರಿದ್ದರು. ಎರಡೂ ದೇಶದವರು ಒಂದೇ ಹೊತ್ತಲ್ಲಿ ಬಾಹ್ಯಾಕಾಶದಲ್ಲಿ ಇದ್ದದ್ದು ಅದೇ ಮೊದಲು.

ಗುರ್ಜಾದ್ಯಾನ್ ಪ್ರಯೋಗಾಲಯ ಇದ್ದದ್ದು ಗಾರ್ನಿಯಲ್ಲಿ. ಭೂಕಂಪಕ್ಕೆ ಕುಸಿದಿದ್ದ ಪುರಾತನ ದೇಗುಲವೊಂದನ್ನು ಅದೇ ವರ್ಷಗಳಲ್ಲಿ ಕಲ್ಲು ಕಲ್ಲು ಜೋಡಿಸಿ ಮತ್ತೆ ಕಟ್ಟುತ್ತಿದ್ದ ಊರು ಅದು. ಬ್ಯುರಾಕಾನ್ ಕೂಡ ಸುಮ್ಮನಿರಲಿಲ್ಲ. ಹ್ರಾಂತ್ ತೊವ್ಮಾಸ್ಯಾನ್ ನೇತೃತ್ವದಲ್ಲಿ, ಸ್ವಿಟ್ಜರ್ಲೆಂಡ್ ಸಹಕಾರದೊಂದಿಗೆ ಮಾಡಿದ ಗ್ಲಾಜಾರ್ ದೂರದರ್ಶಕ 1987ರಲ್ಲಿ ಕ್ವಾಂತ್ ಘಟಕದೊಂದಿಗೆ ಮೀರ್ ನಿಲ್ದಾಣ ಸೇರಿತು. 2015ರಲ್ಲಿ ಭಾರತದ ಆಸ್ಟ್ರೋಸ್ಯಾಟ್ ಹೊತ್ತೊಯ್ದ ನೇರಳಾತೀತ ದೂರದರ್ಶಕ, ಅಂದರೆ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಮುಂದಾಳತ್ವದಲ್ಲಿ ಸಿದ್ಧವಾದದ್ದು, ಇಣುಕುವುದೂ ಇದೇ ಬಾಗಿಲಿನಿಂದ.

ಸರಿಯಾದದ್ದು, ತಪ್ಪಾದದ್ದು

1958ರಲ್ಲಿ ಬ್ರಸೆಲ್ಸ್‌ನ ಸಾಲ್ವೇ ಸಮ್ಮೇಳನದಲ್ಲಿ ಅಂಬರ್ತ್ಸುಮಿಯಾನ್ ಇನ್ನೊಂದು ಬಾಂಬು ಹಾಕಿದರು. ಕೆಲವು ಗ್ಯಾಲಕ್ಸಿಗಳಿಂದ ಬರುವ ಭಾರೀ ರೇಡಿಯೋ ಅಲೆಗಳಿಗೆ ಎರಡು ಗ್ಯಾಲಕ್ಸಿಗಳ ಡಿಕ್ಕಿ ಕಾರಣ ಎಂದು ಆಗ ಹಿರಿಯರು ನಂಬಿದ್ದರು. ಇವರು ಒಪ್ಪಲಿಲ್ಲ. ಶಕ್ತಿ ಬರುತ್ತಿರುವುದು ಗ್ಯಾಲಕ್ಸಿಯ ನಟ್ಟನಡುವಿನ ಪುಟ್ಟ ಕೇಂದ್ರದಿಂದ ಎಂದರು. ಕೇಳಿದವರು ತಲೆಯಾಡಿಸಲಿಲ್ಲ. 1963ರಲ್ಲಿ ಕ್ವೇಸಾರ್‌ಗಳು ಪತ್ತೆಯಾದ ಮೇಲೆ ಅವರ ಮಾತಿಗೆ ತೂಕ ಬಂತು.

ಆದರೆ ಆ ಕೇಂದ್ರದಲ್ಲಿ ಏನಿದೆ ಅನ್ನೋದರಲ್ಲಿ ಅವರು ಎಡವಿದರು. ಯಾವುದೋ ಅತಿ ಸಾಂದ್ರ ಆದಿದ್ರವ್ಯ ಅಲ್ಲಿದೆ, ಅದು ಒಡೆದು ಹೊರಗೆ ಚಿಮ್ಮುತ್ತೆ ಎಂದು ಪಟ್ಟು ಹಿಡಿದರು. ಜಗತ್ತು ಕೊನೆಗೆ ಒಪ್ಪಿಕೊಂಡಿದ್ದು ಇದಕ್ಕೆ ತಿರುಗುಮುರುಗಾದ ಚಿತ್ರವನ್ನು: ಅಲ್ಲಿರುವುದು ಕಪ್ಪುಕುಳಿ, ಅನಿಲ ಅದರೊಳಕ್ಕೆ ಬೀಳುತ್ತೆ. ಅಧ್ಯಕ್ಷರ ಮಾತಿಗೆ ಎದುರಾಡುವುದು ಕಷ್ಟವಿರುವ ಸಂಸ್ಥೆಯಲ್ಲಿ ಅಧ್ಯಕ್ಷರ ತಪ್ಪಿಗೂ ಬಹಳ ಆಯುಷ್ಯ ಇರುತ್ತೆ. 46 ವರ್ಷದ ಕುರ್ಚಿಗೆ ಇದೂ ಒಂದು ಬೆಲೆ.

ಮರ್ಕಾರ್ಯಾನ್ ಮಾಡಿದ ಕೆಲಸ ಮಾತ್ರ ಯಾವ ಸಿದ್ಧಾಂತದ ಹಂಗೂ ಇಲ್ಲದೆ ಉಳಿಯಿತು. 1965ರಿಂದ 1980ರವರೆಗೆ ಬ್ಯುರಾಕಾನ್‌ನ ಒಂದು ಮೀಟರ್ ಸ್ಮಿತ್ ದೂರದರ್ಶಕದಿಂದ ಆಕಾಶದ 17,000 ಚದರ ಡಿಗ್ರಿ ಜಾಲಾಡಿ, ನೇರಳಾತೀತದಲ್ಲಿ ಹೆಚ್ಚು ಹೊಳೆಯುವ 1,500 ಗ್ಯಾಲಕ್ಸಿಗಳ ಪಟ್ಟಿ ಮಾಡಿದರು. ಮರ್ಕಾರ್ಯಾನ್ ಗ್ಯಾಲಕ್ಸಿಗಳು ಇಂದಿಗೂ ಸಂಶೋಧಕರ ದಿನನಿತ್ಯದ ಸರಕು. ಆ ಸಮೀಕ್ಷೆಯನ್ನು 2011ರಲ್ಲಿ ಯುನೆಸ್ಕೊ ತನ್ನ ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು.

ಅಂಬರ್ತ್ಸುಮಿಯಾನ್‌ಗೆ ಹೊರಗಿನ ಮನ್ನಣೆಯೂ ದೊರೆಯಿತು. 1961ರಿಂದ 1964ರವರೆಗೆ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿದ್ದರು. 1971ರ ಸೆಪ್ಟೆಂಬರ್‌ನಲ್ಲಿ ಅನ್ಯಲೋಕದ ನಾಗರಿಕತೆಗಳ ಜೊತೆ ಸಂಪರ್ಕದ ಬಗ್ಗೆ ಸೋವಿಯತ್ ಮತ್ತು ಅಮೆರಿಕನ್ ವಿಜ್ಞಾನಿಗಳ ಸಮ್ಮೇಳನ ಬ್ಯುರಾಕಾನ್‌ನಲ್ಲಿ ನಡೆಯಿತು. ಕಾರ್ಲ್ ಸೇಗನ್, ಫ್ರಾಂಕ್ ಡ್ರೇಕ್, ಫ್ರಾನ್ಸಿಸ್ ಕ್ರಿಕ್ ಅಲ್ಲಿಗೆ ಬಂದಿದ್ದರು. ಪರಸ್ಪರ ಕ್ಷಿಪಣಿ ಗುರಿಯಿಟ್ಟು ಕೂತ ಎರಡು ದೇಶದವರು ಅರಾಗತ್ಸ್ ಬೆಟ್ಟದ ಮೇಲೆ ಕೂತು ಬೇರೆ ಲೋಕದವರ ಜೊತೆ ಮಾತಾಡುವ ದಾರಿ ಚರ್ಚಿಸಿದರು.

ಕತ್ತಲ ವರ್ಷಗಳು

1988 ಅರ್ಮೇನಿಯಾವನ್ನು ಅಲುಗಾಡಿಸಿತು. ಫೆಬ್ರವರಿಯಲ್ಲಿ ಕರಾಬಾಖ್ ಚಳವಳಿ ಬೀದಿಗೆ ಬಂತು. ಡಿಸೆಂಬರ್ 7ರಂದು ಸ್ಪಿತಾಕ್ ಭೂಕಂಪದಲ್ಲಿ ಹತ್ತಾರು ಸಾವಿರ ಜನ ಸತ್ತರು. ಅದರ ಬೆನ್ನಿಗೆ, 1989ರಲ್ಲಿ ಮೆತ್ಸಾಮೊರ್ ಅಣುಸ್ಥಾವರ ಮುಚ್ಚಿತು. ಅಂಬರ್ತ್ಸುಮಿಯಾನ್ 1988ರಲ್ಲೇ ವೀಕ್ಷಣಾಲಯದ ನಿರ್ದೇಶಕ ಸ್ಥಾನ ಬಿಟ್ಟಿದ್ದರು. 1990ರಲ್ಲಿ ಮಾಸ್ಕ್ವಾ ಹೋಟೆಲಿನ ಉಪವಾಸ.

ಆ ಉಪವಾಸವನ್ನು 1937ರ ಪ್ರಾಯಶ್ಚಿತ್ತ ಎಂದು ಬಣ್ಣಿಸುವುದು ಸುಲಭ. ಅವರೇ ಹಾಗೆ ಹೇಳಿಕೊಂಡಿದ್ದಿಲ್ಲ. 1990ರಲ್ಲಿ ಮಾತಾಡಿದವರಿಗೆ ಗುಂಡು ಬೀಳುತ್ತಿರಲಿಲ್ಲ ಎಂಬುದೂ ನಮಗೆ ನೆನಪಿರಬೇಕು. ಅರ್ಧ ಶತಮಾನ ಪ್ರಭುತ್ವದೊಳಗೆ ಕೂತು ಗಳಿಸಿದ ಹೆಸರು, ಪದಕ, ಗೌರವ ಎಲ್ಲವನ್ನೂ ಅವರು ಆ ದಿನ ತಮ್ಮ ಜನರಿಗಾಗಿ ಮೇಜಿನ ಮೇಲಿಟ್ಟರು. ಅಷ್ಟನ್ನು ಧೈರ್ಯವಾಗಿ ಹೇಳಬಹುದು.

ಫಲ? ತಕ್ಷಣಕ್ಕೆ ಏನೂ ಇಲ್ಲ. 1991ರಲ್ಲಿ ಒಕ್ಕೂಟ ಕುಸಿಯಿತು, ಕರಾಬಾಖ್ ಪೂರ್ಣ ಪ್ರಮಾಣದ ಯುದ್ಧವಾಯಿತು. ಲಕ್ಷಾಂತರ ಅಜರ್‌ಬೈಜಾನಿಗಳು, ಲಕ್ಷಾಂತರ ಅರ್ಮೇನಿಯನ್ನರು ಮನೆ ಕಳೆದುಕೊಂಡರು. ಗಡಿಗಳು ಮುಚ್ಚಿ ಅರ್ಮೇನಿಯಾದಲ್ಲಿ ದಿನಕ್ಕೆ ಒಂದೆರಡು ಗಂಟೆ ಕರೆಂಟು. ಜನ ಉದ್ಯಾನದ ಮರ ಕಡಿದು ಒಲೆ ಉರಿಸಿದರು. ಮಾಸ್ಕೋದ ದುಡ್ಡು ನಿಂತಿತು, ರಾಕೆಟ್ಟುಗಳು ಬೇರೆ ದೇಶದ್ದಾದವು. ಬಾಹ್ಯಾಕಾಶಕ್ಕೆ ದೂರದರ್ಶಕ ಕಳಿಸಿದ ನಾಡು ಇದ್ದ ದೂರದರ್ಶಕ ನಡೆಸಲೂ ಪರದಾಡಿತು. ಅನೇಕ ವಿಜ್ಞಾನಿಗಳು ಹೊರದೇಶಕ್ಕೆ ಹೋದರು. ಅಂಬರ್ತ್ಸುಮಿಯಾನ್ ಹೋಗಲಿಲ್ಲ. 1996ರ ಆಗಸ್ಟ್ 12ರಂದು ಬ್ಯುರಾಕಾನ್‌ನಲ್ಲೇ ತೀರಿಕೊಂಡರು. ಅವರ ಸಮಾಧಿ ಇರುವುದೂ ಅಲ್ಲೇ, ವೀಕ್ಷಣಾಲಯದ ಆವರಣದಲ್ಲಿ.

ಹೊಸ ಗಣರಾಜ್ಯ ಅವರ ಮುಖವನ್ನು 100 ದ್ರಾಮ್ ನೋಟಿನ ಮೇಲೆ ಹಾಕಿತು. ವೀಕ್ಷಣಾಲಯಕ್ಕೆ ಅವರ ಹೆಸರಿಟ್ಟಿತು. ಅವರು ಅನ್ನ ಬಿಟ್ಟಿದ್ದು ಯಾವ ನೆಲಕ್ಕಾಗಿಯೋ ಆ ಕರಾಬಾಖ್‌ನಿಂದ 2023ರ ಸೆಪ್ಟೆಂಬರ್‌ನಲ್ಲಿ, ಅಜರ್‌ಬೈಜಾನ್ ಸೇನಾ ಕಾರ್ಯಾಚರಣೆಯ ಬೆನ್ನಿಗೆ, ಒಂದು ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ಕೆಲವೇ ದಿನದಲ್ಲಿ ಗಂಟುಮೂಟೆ ಕಟ್ಟಿದರು. ಉಪವಾಸ ಸೋತಿತು ಅಂತಲೇ ಹೇಳಬೇಕು.

ಬೆಟ್ಟದ ಮೇಲಿನ ವೀಕ್ಷಣಾಲಯ ಉಳಿದಿದೆ. ಅಲ್ಲಿ ಈಗಲೂ ಹುಡುಗ ಹುಡುಗಿಯರು ಓದುತ್ತಾರೆ, ರಾತ್ರಿಯಿಡೀ ಆಕಾಶ ನೋಡುತ್ತಾರೆ. ಆ ಸಂಸ್ಥೆಯನ್ನು ಕಟ್ಟಿದ ದುಡ್ಡು ಬಂದಿದ್ದು ಬ್ರಾನ್‌ಸ್ಟೈನ್‌ಗೆ ಗುಂಡು ಹಾರಿಸಿದ ಪ್ರಭುತ್ವದಿಂದಲೇ. ಅಂಬರ್ತ್ಸುಮಿಯಾನ್ ಮಾಡಿಕೊಂಡ ರಾಜಿ ಇಲ್ಲದಿದ್ದರೆ ಬ್ಯುರಾಕಾನ್ ಇರುತ್ತಿರಲಿಲ್ಲ, ಬಹುಶಃ ಓರಿಯನ್ ಕೂಡ. ಹಾಗಂತ ಎಲ್ಲ ರಾಜಿಗಳೂ ಬ್ಯುರಾಕಾನ್ ಕಟ್ಟುವುದಿಲ್ಲ. ಹೆಚ್ಚಿನವು ಕುರ್ಚಿಯನ್ನಷ್ಟೇ ಉಳಿಸುತ್ತವೆ. ಸುಮ್ಮನಿದ್ದು ಏನನ್ನು ಕಟ್ಟುತ್ತಿದ್ದೇವೆ, ಅದು ಯಾರಿಗೆ ಉಳಿಯುತ್ತೆ ಅನ್ನೋದನ್ನು ಇವತ್ತು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸುಮ್ಮನಿರುವವರಾದರೂ ಕೇಳಿಕೊಳ್ಳಬೇಕು.